ಬುಗುರಿಯ ಉಸಿರು

ಹುಣಸೂರಿನ ನಮ್ಮ ಬೀದಿಯಲ್ಲಿ ಬುಗುರಿಯಾಡಿದವರಿಗೆಲ್ಲ ಒಂದು ಸಂಗತಿ ಗೊತ್ತು: ಬುಗುರಿ ಥಟ್ಟನೆ ಬೀಳುವುದಿಲ್ಲ. ವೇಗ ಕುಂದುತ್ತ ಬಂದಂತೆ ಮೊದಲು ತಲೆಯನ್ನು ತುಸು ಓಲಿಸುತ್ತದೆ, ಆಮೇಲೆ ಇನ್ನಷ್ಟು. ಆಡುವ ಹುಡುಗನಿಗೆ ಮಾತ್ರ ಅದಿನ್ನೂ ನಿಂತೇ ಇದೆಯೆಂಬ ಭ್ರಮೆ. ಐವತ್ತು ದಾಟಿದ ಮೇಲೆ ಆ ಪಾಠವನ್ನು ನೆಲದಿಂದ 2,000 ಅಡಿ ಮೇಲೆ ಮತ್ತೊಮ್ಮೆ ಕಲಿಯಬೇಕಾಗಿ ಬಂತು.

ನನಗೂ ಸ್ನೇಹಿತರೊಬ್ಬರಿಗೂ ಪಾಲಿನಲ್ಲಿ ಒಂದು ಹಳೆಯ ಸೆಸ್ನಾ ವಿಮಾನವಿದೆ. ಅದರ ಫಲಕದ ನಡುವೆ ಕೃತಕ ದಿಗಂತವೆಂಬ ಉಪಕರಣ. ಮೇಲೆ ನೀಲಿ, ಕೆಳಗೆ ಕಂದು, ಮಧ್ಯೆ ಪುಟ್ಟದೊಂದು ರೆಕ್ಕೆ. ಹೊರಗಿನ ದಿಗಂತ ಮರೆಯಾದಾಗ ವಿಮಾನ ಎತ್ತ ವಾಲಿದೆಯೆಂದು ಹೇಳುವುದು ಅದೇ. ಅದರ ಹೊಟ್ಟೆಯೊಳಗಿರುವುದೂ ಒಂದು ಬುಗುರಿಯೇ. ಇಂಜಿನಿಗೆ ಜೋಡಿಸಿದ ಪಂಪು ಗಾಳಿಯನ್ನು ಹೀರುತ್ತದೆ. ಹಾಗೆ ಒಳನುಗ್ಗುವ ಗಾಳಿ ಬುಗುರಿಯನ್ನು ತಿರುಗಿಸುತ್ತದೆ. ಪಕ್ಕದ ದಿಕ್ಕಿನ ಉಪಕರಣಕ್ಕೂ ಅದೇ ಉಸಿರು. ಪಂಪಿನ ಇಂಗಾಲದ ಅಲಗುಗಳು ಸವೆದು ಸವೆದು ಒಂದು ದಿನ ಹೇಳದೆ ಕೇಳದೆ ಮುರಿಯುತ್ತವೆ. ಹೀರುವ ಬಲವನ್ನು ತೋರಿಸುವ ನಿರ್ವಾತ ಮಾಪಕವಿದ್ದರೆ ಅದು ಕೂಡಲೇ ತಿಳಿಯುತ್ತದೆ. ನಮ್ಮ ವಿಮಾನದಲ್ಲಿ ಆ ಮಾಪಕವಿರಲಿಲ್ಲ. ಹಾಕಿಸಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಿದ್ದೆವು; ಅಂದುಕೊಳ್ಳುವುದಕ್ಕೆ ಖರ್ಚಿಲ್ಲವಷ್ಟೆ.

2018ರ ಆಷಾಢದ ಒಂದು ಬೆಳಿಗ್ಗೆ ಮೈಸೂರಿನ ಮಂಡಕಳ್ಳಿಯಿಂದ ಒಬ್ಬನೇ ಹೊರಟೆ. ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಕಪಿಲೆ ಬೀಚನಹಳ್ಳಿಯ ಕಟ್ಟೆ ತುಂಬಿ ನಿಂತಿದ್ದಳು. ನಾಗರಹೊಳೆಯ ಕಾಡನ್ನು ಎಡಕ್ಕೆ ಬಿಟ್ಟು ಉತ್ತರಕ್ಕೆ ತಿರುಗಿದೆ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳು, ದೂರದಲ್ಲಿ ಬೈಲಕುಪ್ಪೆಯ ಚಿನ್ನದ ಶಿಖರ. ಕೊಡಗಿನ ಮೋಡ ಇನ್ನೂ ದೂರವಿದೆಯೆಂದು ನನ್ನ ಲೆಕ್ಕ. ಮೋಡಕ್ಕೆ ಆ ಲೆಕ್ಕ ತಿಳಿದಿರಲಿಲ್ಲ. ಹುಣಸೂರಿನತ್ತ ಹೊರಳುವಷ್ಟರಲ್ಲಿ ಕಿಟಕಿಗಳಿಗೆಲ್ಲ ಹತ್ತಿ ತುರುಕಿದಂತಾಯಿತು. ಮೋಡದೊಳಗೆ ಹಾರುವ ಅರ್ಹತೆ ನನಗಿರಲಿಲ್ಲ. ಅದನ್ನು ಓದುಗರಿಂದ ಮುಚ್ಚಿಡುವುದಿಲ್ಲ. ಅಂಥ ಅರ್ಹತೆಯಿಲ್ಲದ 20 ಮಂದಿಯನ್ನು 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಹೊರಗೇನೂ ಕಾಣದಂತೆ ಹಾರಿಸಿ ಪರೀಕ್ಷಿಸಿದರು. ಇಪ್ಪತ್ತೂ ಮಂದಿ ಹತೋಟಿ ಕಳೆದುಕೊಂಡರು; ಸರಾಸರಿ 178 ಸೆಕೆಂಡುಗಳಲ್ಲಿ.

ಕೃತಕ ದಿಗಂತವನ್ನೇ ನಂಬಿ ಕುಳಿತೆ. ಅದು ಸ್ವಲ್ಪ ಎಡಕ್ಕೆ ವಾಲಿದಂತೆ ತೋರಿತು, ಬಲಕ್ಕೆ ಸರಿಪಡಿಸಿದೆ. ಮತ್ತೆ ವಾಲಿತು, ಮತ್ತೆ ಸರಿಪಡಿಸಿದೆ. ನನ್ನ ಮೈಗೆ ಎಲ್ಲವೂ ನೆಟ್ಟಗೇ ಇತ್ತು. ಆದರೆ ಗಾಳಿಯ ಗುರುತು ಕೇಳುವ ಕಿವಿಗೆ ಶಬ್ದ ಬೇರೆಯಾಗಿತ್ತು. ವೇಗದ ಮುಳ್ಳು ಏರುತ್ತಿತ್ತು. ಆಗ ಕೆಳಗಿನ ಮೂಲೆಯ ತಿರುವು ಸೂಚಕದ ಮೇಲೆ ಕಣ್ಣು ಬಿತ್ತು. ಅದು ನಡೆಯುವುದು ವಿದ್ಯುತ್ತಿನಿಂದ, ಪಂಪಿನ ಋಣ ಅದಕ್ಕಿಲ್ಲ. ವಿಮಾನ ಬಲಕ್ಕೆ ಬಲವಾಗಿ ತಿರುಗುತ್ತಿದೆಯೆಂದು ಅದು ಹೇಳುತ್ತಿತ್ತು. ಇಬ್ಬರಲ್ಲಿ ಯಾರು ಸುಳ್ಳುಗಾರರು? ಆ ಕೆಲವು ಕ್ಷಣಗಳನ್ನು ನಾನು ಇಂದಿಗೂ ನಿದ್ದೆಯಲ್ಲಿ ಕಾಣುತ್ತೇನೆ. ಅಷ್ಟರಲ್ಲಿ ಮೋಡ ಹರಿದು, ಆಕಾಶ ಕಾಣಬೇಕಾದ ಕಿಟಕಿಯಲ್ಲಿ ಲಕ್ಷ್ಮಣತೀರ್ಥದ ಕೆಂಪು ನೀರು ಕಂಡಿತು, ಗೋಡೆಗೆ ಓರೆಯಾಗಿ ತೂಗುಹಾಕಿದ ಪಟದಂತೆ. ಯಾರ ಸಾಕ್ಷಿ ನಿಜವೆಂಬುದು ತೀರ್ಮಾನವಾಯಿತು. ತಿರುವಿನ ಸೂಚಕವನ್ನು ನಡುವಿಗೆ ತಂದು, ಹೊಳೆಯ ಗುಂಟ ಹಾರಿದೆ. ಕೃಷ್ಣರಾಜನಗರದ ಕಡೆ ಆಕಾಶ ತಿಳಿಯಾಗಿತ್ತು. ಸಾಗರಕಟ್ಟೆಯ ಬಳಿ ರೈಲು ಹಳಿ ಸಿಕ್ಕಿತು; ಅದನ್ನು ಬಿಡದೆ ಮೈಸೂರಿಗೆ ಬಂದೆ.

ಪಂಪು ಬಿಚ್ಚಿದಾಗ ಇಂಜಿನಿಯರರ ಅಂಗೈಗೆ ಬಿದ್ದದ್ದು ಒಂದು ಹಿಡಿ ಕರಿಪುಡಿ.

ನನ್ನ ಶ್ರೀಮತಿಗೆ ಇದನ್ನೆಲ್ಲ ಹೇಳಲು ಎಂಟು ದಿನ ಬೇಕಾಯಿತು. ಆಕೆ ಸಿಟ್ಟಾಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. “ಎರಡು ಗಡಿಯಾರ ಎರಡು ಹೊತ್ತು ತೋರಿಸಿದರೆ ಯಾವುದನ್ನು ನಂಬುತ್ತೀರಿ?” ಎಂದಷ್ಟೇ ಕೇಳಿದಳು. 1978ರ ಜನವರಿ 1ರಂದು ಮುಂಬಯಿಯ ಕಡಲಿಗೆ ಬಿದ್ದ ಏರ್ ಇಂಡಿಯಾದ ‘ಸಾಮ್ರಾಟ್ ಅಶೋಕ’ ನೆನಪಾಯಿತು. ನಾಯಕನ ಮುಂದಿದ್ದ ದಿಗಂತ ಕೆಟ್ಟು ಬಲಕ್ಕೆ ವಾಲಿದಂತೆ ತೋರಿಸಿತು, ಅವರು ಎಡಕ್ಕೆ ತಿರುಗಿಸುತ್ತಲೇ ಹೋದರು. 213 ಜನ ಉಳಿಯಲಿಲ್ಲ. ಆ ದೊಡ್ಡ ವಿಮಾನದಲ್ಲಿ ಬೇರೆ ದಿಗಂತಗಳೂ ಇದ್ದವು. ಇದ್ದರೆ ಸಾಲದು, ಕತ್ತಲೆಯಲ್ಲಿ ಅತ್ತ ನೋಡುವ ಹೊತ್ತೂ ಸಿಗಬೇಕು.

ವಿಮಾನದೊಳಗೆ ಒಂದು ಮೊಳೆಯನ್ನೂ ನಮ್ಮಿಷ್ಟಕ್ಕೆ ಹೊಡೆಯುವಂತಿಲ್ಲ. ಕಾಗದಪತ್ರಗಳ ಕಥೆ ಹೇಳಿ ಓದುಗರನ್ನು ದಣಿಸಲಾರೆ. ಕೊನೆಗೆ ಹೊಸ ಪಂಪು ಬಂತು. ಒಳಗೇ ಬ್ಯಾಟರಿಯಿರುವ ವಿದ್ಯುನ್ಮಾನ ದಿಗಂತವೊಂದು ಬಂತು. ಅದರ ಪಕ್ಕದಲ್ಲಿ ಆ ಬಡ ಮಾಪಕ. ಪಾದರಸದ ಲೆಕ್ಕದಲ್ಲಿ ನಾಲ್ಕೂವರೆಯಿಂದ ಐದೂವರೆ ಅಂಗುಲದೊಳಗೆ ಮುಳ್ಳಿದ್ದರೆ ಬುಗುರಿಗೆ ಉಸಿರಿದೆಯೆಂದು ಅರ್ಥ. ಹೊಸ ದಿಗಂತಕ್ಕಿಂತ ನನಗೆ ಈ ಪುಟ್ಟ ಮುಳ್ಳಿನ ಮೇಲೆಯೇ ಅಕ್ಕರೆ ಹೆಚ್ಚು. ಎರಡು ಸಾಕ್ಷಿಗಳು ಜಗಳಕ್ಕೆ ನಿಂತಾಗ ನ್ಯಾಯ ಹೇಳುವುದು ಇದೇ.

ಆ ಮಾರ್ಗಶಿರದಲ್ಲಿ, ಮೋಡವೊಂದೂ ಇಲ್ಲದ ದಿನ, ಶ್ರೀಮತಿಯನ್ನು ಬಲಗಡೆಯ ಆಸನದಲ್ಲಿ ಕೂರಿಸಿಕೊಂಡು ಹಾರಿದೆ. ಹುಣಸೂರಿನ ಮೇಲೆ ಬಂದಾಗ ನಮ್ಮ ಮನೆಯ ಹೆಂಚನ್ನು ತೋರಿಸಿದೆ. ಆಕೆ ಕೆಳಗೆ ನೋಡಲೇ ಇಲ್ಲ. ಮಾಪಕದ ಮೇಲೆ ಬೆರಳಿಟ್ಟು, “ಐದಕ್ಕೆ ಒಂದು ಕೂದಲೆಳೆ ಕಡಿಮೆ. ನೀವು ಮನೆ ನೋಡಿ, ಇದನ್ನು ನಾನು ನೋಡುತ್ತೇನೆ” ಎಂದಳು.