ಪಟ್ಟಣ ಕಾಯ್ದ ಪೋಲ್ಕಾ

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ಉದ್ಯಾನವೊಂದರಲ್ಲಿ ಆರುನೂರಕ್ಕೂ ಹೆಚ್ಚು ಉಕ್ಕಿನ ಕೊಳವೆಗಳನ್ನು ಜೋಡಿಸಿ ನಿಲ್ಲಿಸಿದ ಸ್ಮಾರಕವಿದೆ. ಶಿಲ್ಪಿ ಐಲಾ ಹಿಲ್ಟುನೆನ್ ಎಂಬಾಕೆ; ಅನಾವರಣಗೊಂಡದ್ದು 1967ರಲ್ಲಿ. ದೇಶವು ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದಾಗ, 1899ರಲ್ಲಿ, ‘ಫಿನ್ಲಾಂಡಿಯಾ’ ಕೃತಿ ರಚಿಸಿ ಜನರ ಸ್ವಾಭಿಮಾನಕ್ಕೆ ದನಿಯಾದ ಸಂಗೀತಗಾರ ಸಿಬೆಲಿಯಸ್ ನೆನಪಿಗೆ ಅದು.

ಕೆಲವು ವರ್ಷಗಳ ಹಿಂದೆ, ಅಲ್ಲಿ ಇಂಜಿನಿಯರಾಗಿರುವ ತಮ್ಮನ ಮನೆಗೆ ಹೋಗಿದ್ದಾಗ ಈ ಸ್ಮಾರಕವನ್ನು ನೋಡಿದೆ. ಸಂಜೆ ಪಕ್ಕದ ಮನೆಯ ಅಜ್ಜಿಯ ಬಳಿ ಅದನ್ನು ಹೊಗಳಿದೆ. ಅಜ್ಜಿ ನಕ್ಕರು. “ಅದು ದೊಡ್ಡವರ ಸಂಗೀತವಂತೆ. ನಮ್ಮೂರಿನದನ್ನೂ ಕೇಳಿ ಅಂತಾರೆ” ಎಂದು ತಮ್ಮ ಕನ್ನಡದಲ್ಲಿ ಹೇಳಿದ.

ಅಜ್ಜಿ ಹಾಕಿದ ರೆಕಾರ್ಡಿನಲ್ಲಿದ್ದುದು ಅಕಾರ್ಡಿಯನ್ ಮೇಲೆ ನುಡಿಸಿದ ಚುರುಕಾದ ಕುಣಿತದ ರಾಗ. ಹೆಸರು ‘ಸ್ಯಾಕ್ಕಿಯಾರ್ವಿ ಪೋಲ್ಕಾ’. ಸ್ಯಾಕ್ಕಿಯಾರ್ವಿ ಅವರು ಹುಟ್ಟಿದ ಊರು. ನುಡಿಸಿದವರು ವಿಲ್ಯೊ ವೆಸ್ಟೆರಿನೆನ್. ಇದರಲ್ಲಿ ಯುದ್ಧದ ಸುಳಿವೇ ಇಲ್ಲವಲ್ಲ ಎಂದೆ. ಆಗ ಕತೆ ಹೊರಬಂತು.

1939ರ ನವೆಂಬರ್ 30ರಂದು ಸೋವಿಯತ್ ಸೇನೆ ಫಿನ್ಲೆಂಡಿನ ಮೇಲೆ ದಾಳಿ ಮಾಡಿತು. 105 ದಿನಗಳ ಆ ‘ಚಳಿಗಾಲದ ಯುದ್ಧ’ ಮುಗಿದಾಗ ವೀಪುರಿ ಪಟ್ಟಣ ಸೇರಿದಂತೆ ಕರೇಲಿಯಾದ ಬಹುಭಾಗ ಕೈತಪ್ಪಿತು. 4 ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟರು. 1941ರಲ್ಲಿ ಜರ್ಮನಿಯ ಜೊತೆಗೂಡಿ ಮತ್ತೆ ಯುದ್ಧಕ್ಕಿಳಿದ ಫಿನ್ಲೆಂಡ್, ಆಗಸ್ಟ್ ಕೊನೆಯಲ್ಲಿ ವೀಪುರಿಯನ್ನು ಮರಳಿ ಪಡೆಯಿತು. ಆದರೆ ಹಿಮ್ಮೆಟ್ಟಿದ ಸೈನ್ಯ ಪಟ್ಟಣದಲ್ಲಿ ಬಾಂಬುಗಳನ್ನು ಹುದುಗಿಸಿಟ್ಟಿತ್ತು.

ವಿದ್ಯಾರ್ಥಿಗಳು ಪ್ರಯೋಗಶಾಲೆಯ ಶ್ರುತಿಕವೆಯನ್ನು ನೆನಪಿಸಿಕೊಳ್ಳಲಿ. ಒಂದನ್ನು ಬಡಿದರೆ ಅದೇ ಆವೃತ್ತಿಯ ಇನ್ನೊಂದು ಮುಟ್ಟದೆಯೇ ಕಂಪಿಸುತ್ತದೆ. ಅದೇ ಅನುರಣನೆ. ಪ್ರತಿ ಬಾಂಬಿನಲ್ಲೂ ಒಂದು ರೇಡಿಯೋ, ಮೂರು ಶ್ರುತಿಕವೆಗಳು. ದೂರದ ಪ್ರಸಾರದಿಂದ ಸರಿಯಾದ ಮೂರು ಸ್ವರ ಬಂದರೆ ಮೂರೂ ಒಟ್ಟಿಗೆ ಕಂಪಿಸಿ ಬಾಂಬು ಸಿಡಿಯುತ್ತಿತ್ತು!

ಗುಟ್ಟು ತಿಳಿದ ಫಿನ್ಲೆಂಡಿನ ತಂತ್ರಜ್ಞರು ಸೆಪ್ಟೆಂಬರ್ ಆರಂಭದಲ್ಲಿ ಪ್ರಸಾರದ ವಾಹನವೊಂದನ್ನು ತಂದು, ಬಾಂಬಿನ ರೇಡಿಯೋ ಹಿಡಿಯುವ ತರಂಗದಲ್ಲೇ ಈ ಪೋಲ್ಕಾವನ್ನು ಎಡೆಬಿಡದೆ ಹಾಕಿದರು. ಸದ್ದು ತುಂಬಿದ ತರಗತಿಯಲ್ಲಿ ಮೇಷ್ಟ್ರ ಮಾತು ಮುಳುಗುವಂತೆ, ಸಿಡಿಸುವ ಸಂಕೇತ ಕುಣಿತದ ರಾಗದಲ್ಲಿ ಮುಳುಗಿತು. ಬಾಂಬುಗಳೊಳಗಿನ ಬ್ಯಾಟರಿ ಸತ್ತುಹೋಗುವವರೆಗೆ, 1942ರ ಫೆಬ್ರವರಿ ತನಕ, ಈ ಕೆಲಸ ನಡೆಯಿತು. ಸಾವಿರಕ್ಕೂ ಮೀರಿ ಬಾರಿ ಪೋಲ್ಕಾ ನುಡಿಯಿತು.

ಪಟ್ಟಣವೇನೋ ಆಗ ಉಳಿಯಿತು. ಆದರೆ 1944ರಲ್ಲಿ ಮತ್ತೆ ಸೋವಿಯತ್ ವಶವಾಯಿತು. ಸ್ಯಾಕ್ಕಿಯಾರ್ವಿಯೂ, ವೆಸ್ಟೆರಿನೆನ್ ಹುಟ್ಟಿದ ತೆರಿಯೋಕಿಯೂ ಗಡಿಯಾಚೆ ಸೇರಿದವು. ತಾಯಿಯ ಕೈ ಹಿಡಿದು ಊರು ಬಿಟ್ಟಾಗ ಅಜ್ಜಿಗೆ ಆರು ವರ್ಷ.

“ನಿಮ್ಮ ಊರು ಯಾವ ಕಡೆ?” ಎಂದು ಕೇಳಿಸಿದೆ. ಅಜ್ಜಿ ಕಿಟಕಿಯಾಚೆ ಪೂರ್ವಕ್ಕೆ ಕೈ ತೋರಿದರು. ಇನ್ನೊಂದು ಕೈಯ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಲೇ ಇತ್ತು.

ಈಗ ಅನುರಣನೆಯ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಈ ಕತೆ ಹೇಳುತ್ತೇನೆ. ಪರೀಕ್ಷೆಗೆ ಬೇಕಾದದ್ದು ಮೂರು ಸಾಲಿನ ವ್ಯಾಖ್ಯೆ. ಆದರೆ ಅವರು ವರ್ಷ ಕಳೆದ ಮೇಲೂ ಕೇಳುವುದು ಆ ಅಜ್ಜಿಯನ್ನು.