ಹಿಂಡಬಾರದ ರಸ

ಬಾಗಲಕೋಟೆಯ ಸೀಮೆಯಲ್ಲಿ ಹಣ್ಣನ್ನು ಕೆಡದಂತೆ ಕಾಪಿಡುವ ವಿದ್ಯೆಯನ್ನು ಯಾರೋ ಹೊರಗಿನಿಂದ ಬಂದು ಕಲಿಸಬೇಕಾಗಿರಲಿಲ್ಲ. ಮಾವಿನಕಾಯಿಯನ್ನು ಹೆರೆದು ಬೆಲ್ಲದೊಡನೆ ಕುದಿಸಿ ಗುಳಂಬ ಮಾಡುವುದು, ನೆಲ್ಲಿಕಾಯಿಯನ್ನು ಚುಚ್ಚಿ ಸಕ್ಕರೆಯ ಪಾಕದಲ್ಲಿ ಮುಳುಗಿಸಿ ಮುರಬ್ಬವಾಗಿಸುವುದು, ಲಿಂಬೆಯನ್ನು ಉಪ್ಪಿನೊಳಗೆ ಹೂತು ಅದು ಕಪ್ಪಿಟ್ಟು ಔಷಧವೆನಿಸಿಕೊಳ್ಳುವವರೆಗೆ ವರ್ಷಗಟ್ಟಲೆ ಮರೆತುಬಿಡುವುದು ಮುಂತಾಗಿ, ಮಳೆಯನ್ನು ನೆಚ್ಚಲಾಗದ ನಾಡಿನಲ್ಲಿ ಒಂದು ಋತುವಿನ ಸಮೃದ್ಧಿಯನ್ನು ಮತ್ತೊಂದು ಋತುವಿನ ಕೊರತೆಗೆ ಸಾಗಿಸುವ ಉಪಾಯಗಳೆಲ್ಲವೂ ನಮ್ಮ ಹಿರಿಯರಿಗೆ ಕರತಲಾಮಲಕವಾಗಿದ್ದುವು. ಈ ಉಪಾಯಗಳಿಗೆಲ್ಲ ಸಾಧಾರಣವಾದ ಒಂದು ಧರ್ಮವೂ ಉಂಟು: ಹಣ್ಣಿನಲ್ಲಿ ತಿನ್ನತಕ್ಕದ್ದು ಏನೇನಿದೆಯೋ ಅದೆಲ್ಲವೂ ಭರಣಿಯನ್ನು ಸೇರಬೇಕು. ಜೆಲ್ಲಿ ಎಂಬ ಪಾಕವಾದರೋ, ತಿರುಳನ್ನು ಹೊರಗಿಟ್ಟು, ತಾನಾಗಿ ತೊಟ್ಟಿಕ್ಕಿದ ರಸವನ್ನು ಮಾತ್ರ ಒಳಗೊಂಡು, ಬಾಟಲಿಯ ಆಚೆಗೆ ಹಿಡಿದ ಬೆರಳು ಈಚೆಗೆ ಕಾಣುವಷ್ಟು ನಿರ್ಮಲವಾಗಿರುವೆನೆಂದು ಹಟ ಹಿಡಿಯುವ ಪದಾರ್ಥ. ಅದು ನಮ್ಮ ಮನೆಗೆ ಬರುವಾಗ ಒಂದು ಸಣ್ಣ ಧರ್ಮಸಂಕಟವನ್ನೂ ಕೂಡಿಕೊಂಡೇ ಬಂದಿತು.

ನನ್ನ ತವರು ಬಾದಾಮಿ. ಅಲ್ಲಿ ಬನದ ಹುಣ್ಣಿಮೆಯ ಸುಮಾರಿಗೆ, ಬನಶಂಕರಿಯ ತೇರು ಎಳೆದು ನಾಟಕ ಕಂಪನಿಗಳ ಡೇರೆಗಳು ಇರುಳೆಲ್ಲ ಎಚ್ಚರವಾಗಿರುವ ಕಾಲಕ್ಕೆ, ಪೇರಲ ಹಣ್ಣು ತನ್ನ ಪರಮಾವಸ್ಥೆಯನ್ನು ಮುಟ್ಟಿರುತ್ತದೆ. ಮಳೆಗಾಲದ ಪೇರಲ ನೀರುನೀರಾಗಿ ಸಪ್ಪಗಿರುವುದು. ಚಳಿಯನ್ನುಂಡು ಬೆಳೆದ ಪೇರಲದಲ್ಲಿ ಮಾತ್ರ ಪರಿಮಳ, ಹುಳಿ, ಸವಿ ಮೂರೂ ಕೂಡಿಬರುವುವು. ಈ ಹಣ್ಣಿನಿಂದ ಜೆಲ್ಲಿ ಮಾಡುವ ಕ್ರಮವನ್ನು ನಾನು ಕಲಿತದ್ದು ಮದುವೆಗೆ ಮುನ್ನ, ಬಾಗಲಕೋಟೆಯಲ್ಲಿ ಹೆಣ್ಣುಮಕ್ಕಳಿಗಾಗಿ ನಡೆಯುತ್ತಿದ್ದ ಒಂದು ತರಗತಿಯಲ್ಲಿ. ಅಲ್ಲಿಯ ಶಿಕ್ಷಕಿಯರು, 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಆಹಾರ ಸಂಶೋಧನಾಲಯದ ಹೆಸರನ್ನು ಕುಲದೇವತೆಯ ಹೆಸರಿನಂತೆ ಮಾತುಮಾತಿಗೂ ಸ್ಮರಿಸುತ್ತಿದ್ದರು. ಆ ವಿದ್ಯೆಯನ್ನು ಬೆನ್ನಿಗೆ ಕಟ್ಟಿಕೊಂಡು ನಾನು ಇಳಕಲ್ಲಿಗೆ, ಮಗ್ಗದ ಸದ್ದು ಬೆಳಗಿನ ಹಕ್ಕಿಗಿಂತ ಮೊದಲೇಳುವ ಓಣಿಯೊಂದಕ್ಕೆ, ಸೊಸೆಯಾಗಿ ಬಂದೆನು.

ಹದವಾಗಿ ಹಣ್ಣಾದ ಪೇರಲಕ್ಕೆ ಒಂದಿಷ್ಟು ದೋರೆಗಾಯನ್ನೂ ಬೆರೆಸಿ, ಸಿಪ್ಪೆ ತೆಗೆಯದೆ ಹೋಳು ಮಾಡಿ, ಮುಳುಗುವಷ್ಟೇ ನೀರೆರೆದು, ಲಿಂಬೆಯ ರಸ ಹಿಂಡಿ, ಕಲಾಯಿ ಮಾಡಿಸಿದ ಬೋಗೋಣಿಯಲ್ಲಿ ಅರ್ಧ ತಾಸು ಬೇಯಿಸಿ, ಒಗೆದು ಮೆತ್ತಗಾದ ಹಳೆಯ ಧೋತರದ ತುಂಡಿನಲ್ಲಿ ಸುರಿದು ಗಂಟು ಕಟ್ಟಿ, ಪಡಸಾಲೆಯ ತೊಲೆಯಲ್ಲಿದ್ದ ಜೋಕಾಲಿಯ ಕೊಂಡಿಗೆ ತೂಗುಬಿಟ್ಟೆನು. ಕೆಳಗೆ ಇಟ್ಟ ಪಾತ್ರೆಗೆ ರಸ ಒಂದೊಂದೇ ಹನಿಯಾಗಿ ಬೀಳತೊಡಗಿತು. ಅತ್ತೆಯವರು ಸ್ವಲ್ಪ ಹೊತ್ತು ನೋಡಿದರು. ಗಂಟನ್ನು ಮುಟ್ಟಿ ನೋಡಿದರು. ಬಳಿಕ ತಡೆಯಲಾರದೆ ಕೇಳಿದರು:

“ಏನವಾ, ಒಂದ್ ಸಲ ಹಿಂಡಿದರ ತಂಬಿಗಿ ರಸ ಬರತೈತಿ. ಹಿಂಗ ಹನಿ ಎಣಿಸಕೋತ ಯಾಕ ಕುಂತಿ?”

“ಹಿಂಡಿದರ ಕದಡತೈತ್ರೀ ಅತ್ತಿ. ತಾನಽ ಬಂದದ್ದಷ್ಟಽ ತಗೋಬೇಕಂತ್ರೀ.”

“ರೊಕ್ಕಾ ಕೊಟ್ಟು ತಂದ ಹಣ್ಣು. ಅರ್ಧಾ ಅರಿವ್ಯಾಗ ಬಿಟ್ಟರ ಅದು ಯಾರ ಪಾಲು?”

ಈ ಪ್ರಶ್ನೆಗೆ ತರಗತಿಯ ಟಿಪ್ಪಣಿಯಲ್ಲಿ ಉತ್ತರವಿರಲಿಲ್ಲ. ಆ ಟಿಪ್ಪಣಿಯಲ್ಲಿದ್ದದ್ದು ಪೆಕ್ಟಿನ್ನಿನ ವಿಚಾರ. 1825ರಲ್ಲಿ ಫ್ರಾನ್ಸಿನ ರಸಾಯನಜ್ಞ ಆಂರಿ ಬ್ರಾಕೊನೊ ಎಂಬಾತನು ಬೇರ್ಪಡಿಸಿ ಹೆಸರಿಟ್ಟ ಈ ದ್ರವ್ಯವು ಹಣ್ಣಿನ ಕೋಶಗಳನ್ನು ಒಂದಕ್ಕೊಂದು ಬೆಸೆದಿರುತ್ತದೆ. ಹಣ್ಣು ಬಲಿಯುವಾಗ ಹೆಚ್ಚಾಗಿದ್ದು, ಕಳಿತಂತೆ ಕಳೆಗುಂದುತ್ತದೆ. ಆದುದರಿಂದಲೇ ದೋರೆಗಾಯಿಯ ಬೆರಕೆ. ಹುಳಿಯ ನೀರಿನಲ್ಲಿ ಬೆಂದಾಗ ಅದು ರಸಕ್ಕಿಳಿಯುತ್ತದೆ. ಸಕ್ಕರೆ ಸೇರಿದಾಗ, ಆ ಸಕ್ಕರೆಯು ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುವುದರಿಂದ, ಪೆಕ್ಟಿನ್ನಿನ ಎಳೆಗಳು ಒಂದನ್ನೊಂದು ಹಿಡಿದು ಬಲೆಯಾಗಿ ರಸವನ್ನೆಲ್ಲ ಹಾಗೆಯೇ ನಿಲ್ಲಿಸಿಬಿಡುತ್ತವೆ. ಗಂಟನ್ನು ಹಿಂಡಿದರೆ ತಿರುಳಿನ ನುಣುಪಾದ ಕಣಗಳೂ ಹೊರಬಂದು ರಸ ಮಬ್ಬಾಗುವುದು. ಕೆಡುವುದು ನೋಟವಷ್ಟೇ ಹೊರತು ರುಚಿಯಲ್ಲವೆಂಬುದನ್ನು ಅತ್ತೆಯವರೆದುರು ಒಪ್ಪಿಕೊಳ್ಳುವ ಧೈರ್ಯ ನನಗೆ ಆಗ ಇರಲಿಲ್ಲ.

ರಸದಲ್ಲಿ ಪೆಕ್ಟಿನ್ ಎಷ್ಟಿದೆಯೆಂದು ತಿಳಿಯಲು ಒಂದು ಪರೀಕ್ಷೆಯುಂಟು. ಚಮಚೆಯಷ್ಟು ತಣ್ಣನೆಯ ರಸಕ್ಕೆ ಅದಕ್ಕಿಂತ ಹೆಚ್ಚು ಸ್ಪಿರಿಟ್ ಬೆರೆಸಿದರೆ, ಪೆಕ್ಟಿನ್ ಧಾರಾಳವಾಗಿದ್ದಲ್ಲಿ ಒಂದೇ ಗಟ್ಟಿಯಾದ ಗಡ್ಡೆ ಕಟ್ಟುವುದು, ಕಡಮೆಯಿದ್ದಲ್ಲಿ ಚೂರುಚೂರಾಗುವುದು. ಮೊದಲನೆಯದಕ್ಕೆ ರಸದಷ್ಟೇ ಸಕ್ಕರೆ, ನಡುತರದ್ದಕ್ಕೆ ಮುಕ್ಕಾಲು, ಬಡರಸಕ್ಕೆ ಅರ್ಧ. ಪರೀಕ್ಷಿಸಿದ್ದನ್ನು ಮಾತ್ರ ಚೆಲ್ಲಿಬಿಡಬೇಕು, ಅದು ವಿಷ. ಅಡುಗೆಮನೆಯಲ್ಲಿ ಸ್ಪಿರಿಟ್ಟಿನ ವಾಸನೆ ಎದ್ದಾಗ ನಮ್ಮ ಮನೆಯಲ್ಲಿ ಏನು ನಡೆಯಿತೆಂಬುದನ್ನು ಓದುಗರು ಊಹಿಸಿಕೊಳ್ಳಲಿ. ಪಾಕದ ಹದವನ್ನು ನಿರ್ಣಯಿಸುವಲ್ಲಿಯೂ ತೊಡಕಿತ್ತು. ಪಂಚಮಿಯ ಉಂಡಿಗೆ ಎಳೆಪಾಕವನ್ನು ಬೆರಳ ತುದಿಯಲ್ಲಿಯೇ ಅಳೆಯಬಲ್ಲ ಅತ್ತೆಯವರಿಗೆ, ಇಲ್ಲಿ ಎಳೆಯ ಲೆಕ್ಕ ನಡೆಯದು, ಸೌಟನ್ನು ಅಡ್ಡವಾಗಿ ಹಿಡಿದಾಗ ಅಂಚಿನಲ್ಲಿ ಎರಡು ಹನಿಗಳು ಕೂಡಿ ಹಾಳೆಯಂತೆ ಕಳಚಿ ಬೀಳಬೇಕು ಎಂದರೆ ಮೊದಮೊದಲು ನಗೆ ಬರುತ್ತಿತ್ತು. ಉಷ್ಣಮಾಪಕವೇನೋ ಪುಸ್ತಕದ ಪ್ರಕಾರ 105 ಡಿಗ್ರಿ ತೋರಿಸಬೇಕು; ಆದರೆ ನಮ್ಮ ಊರುಗಳು ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರೇ ಸುಮಾರು ಎರಡು ಡಿಗ್ರಿ ಮೊದಲು ಕುದಿಯುತ್ತದೆ, ಪುಸ್ತಕವನ್ನು ನಂಬಿ ಕುಳಿತವರಿಗೆ ಜೆಲ್ಲಿಯ ಬದಲು ಅಂಟು ದೊರೆಯುತ್ತದೆ. ಕೆಲವೇ ದಿನಗಳಲ್ಲಿ ಅತ್ತೆಯವರ ಕಣ್ಣು ಮಾಪಕವನ್ನು ಮೀರಿಸಿತು. ಉರಿ ಯಾವಾಗ ತಗ್ಗಿಸಬೇಕು, ನೊರೆ ಯಾವಾಗ ತೆಗೆಯಬೇಕು ಎಂಬುದನ್ನು ಅವರು ಜಪಮಣಿ ಎಣಿಸುತ್ತ, ಇತ್ತ ತಿರುಗದೆಯೇ ಹೇಳುತ್ತಿದ್ದರು.

ಈ ಪಾಕದ ಪೂರ್ವಚರಿತ್ರೆಯನ್ನು ಅರಸುತ್ತ ಹೊರಟರೆ ಒಬ್ಬ ಅನಿರೀಕ್ಷಿತ ವ್ಯಕ್ತಿ ಎದುರಾಗುತ್ತಾನೆ. ಭವಿಷ್ಯವಾಣಿಗಳಿಂದ ಪ್ರಸಿದ್ಧನಾದ ಫ್ರಾನ್ಸಿನ ನಾಸ್ಟ್ರಡಾಮಸನು 1555ರಲ್ಲಿ, ತನ್ನ ಭವಿಷ್ಯದ ಪದ್ಯಗಳು ಮೊದಲು ಅಚ್ಚಾದ ವರ್ಷವೇ, ಲೇಪನಗಳನ್ನೂ ಹಣ್ಣಿನ ಪಾಕಗಳನ್ನೂ ಕುರಿತ ಗ್ರಂಥವೊಂದನ್ನು ಪ್ರಕಟಿಸಿದನು. ಸೇಬಿನ ಬಂಧುವಾದ ಕ್ವಿನ್ಸ್ ಎಂಬ ಒಗರು ಹಣ್ಣಿನ ಜೆಲ್ಲಿಯನ್ನು ಅದರಲ್ಲಿ ವರ್ಣಿಸುತ್ತ, ಸಿಪ್ಪೆ ಸುಲಿಯುವವರು ತಿಳಿಯದೆ ಸುಲಿಯುತ್ತಾರೆ, ಪರಿಮಳ ಸಿಪ್ಪೆಯಲ್ಲಿಯೇ ಹೆಚ್ಚು ಎಂಬ ಅಭಿಪ್ರಾಯವನ್ನು ಅವನು ಕೊಡುತ್ತಾನೆ. ಪೇರಲಕ್ಕೂ ಈ ಮಾತು ಅಕ್ಷರಶಃ ಸಲ್ಲುವುದು. ಅದಾದ ಹತ್ತು ವರ್ಷಕ್ಕೆ, 1565ರ ಜನವರಿಯಲ್ಲಿ, ನಮ್ಮ ಹುನಗುಂದದ ಕಡೆಯ ರಕ್ಕಸಗಿ, ಕೃಷ್ಣೆಯಾಚೆಯ ತಂಗಡಗಿ, ಇವುಗಳ ಹೆಸರನ್ನು ಹೊತ್ತ ಕಾಳಗದಲ್ಲಿ ವಿಜಯನಗರದ ಭಾಗ್ಯ ಮುಳುಗಿತು. ಆ ವೇಳೆಗೆ, 1510ರಲ್ಲಿ ಆದಿಲಶಾಹಿಯಿಂದ ಗೋವೆಯನ್ನು ಕಸಿದುಕೊಂಡಿದ್ದ ಪೋರ್ತುಗೀಜರ ಹಡಗುಗಳು ಅಮೆರಿಕದ ಗಿಡಬಳ್ಳಿಗಳನ್ನು ನಮ್ಮ ತೀರಕ್ಕೆ ಇಳಿಸತೊಡಗಿದ್ದುವು. ಇಂದು ಬಾದಾಮಿಯ ಬುಟ್ಟಿಗಳಲ್ಲಿ ಮನೆಮಗನಂತೆ ಕುಳಿತಿರುವ ಪೇರಲವೂ ಆ ದಾರಿಯಿಂದಲೇ ಬಂದ ಅತಿಥಿ. ಅರಸರು ಕಾದಾಡಿದ ನೆಲದಲ್ಲಿ ಹಣ್ಣಿನ ಗಿಡ ಸದ್ದಿಲ್ಲದೆ ಬೇರೂರಿದ್ದನ್ನು ಯಾವ ಶಾಸನವೂ ಬರೆದಿಡಲಿಲ್ಲ.

ಅತಿಥಿಯನ್ನೇ ಹೊಗಳುತ್ತ ಮನೆಯವರನ್ನು ಮರೆಯಬಾರದು. ಬೆಲ್ಲ ಬೆರೆಸಿ ಮೆಲ್ಲುವ ಬೆಳವಲ ಹಣ್ಣಿನಲ್ಲಿ ಹುಳಿಯೂ ಪೆಕ್ಟಿನ್ನೂ ಯಥೇಷ್ಟವಾಗಿದ್ದು, ಅದರ ಜೆಲ್ಲಿ ಪೇರಲದ್ದಕ್ಕೆ ಕಿಂಚಿತ್ತೂ ಕಡಮೆಯಲ್ಲ. ಬೇಸಿಗೆಯ ಕವಳಿ ಹಣ್ಣೂ ಅಂಥದೇ. ದಾಳಿಂಬೆಯ ಮಾತು ಬೇರೆ. ಹುನಗುಂದದ ಕಡೆ ತೋಟವಿರುವ ನಮ್ಮ ಬಂಧುಗಳೊಬ್ಬರು, ದುಂಡಾಣು ಅಂಗಮಾರಿ ತಗುಲಿ ಸಿಪ್ಪೆ ಕಲೆಗಟ್ಟಿ ಬಿರಿದು, ಪೇಟೆಯಲ್ಲಿ ಯಾರೂ ಮುಟ್ಟದ ಹಣ್ಣುಗಳನ್ನು ಚೀಲಗಟ್ಟಲೆ ಕಳಿಸುತ್ತಿದ್ದರು. ಈ ಸೀಮೆಯ ದಾಳಿಂಬೆಯವರನ್ನು ಆ ರೋಗ ಹಣ್ಣುಗಾಯಿ ಮಾಡಿದೆ. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆಯ ವಿಶ್ವವಿದ್ಯಾಲಯ ಸ್ಥಾಪಿತವಾದ ಮೇಲೆ ಎಲೆ-ಕಾಯಿಗಳನ್ನು ಹಿಡಿದು ಅಲ್ಲಿಗೆ ಹೋಗಿ ಕೇಳುವುದಾದರೂ ರೂಢಿಯಾಯಿತು. ಒಳಗಿನ ಕಾಳು ಚೆನ್ನಾಗಿದ್ದ ಹಣ್ಣನ್ನು ಆರಿಸಿ ರಸ ತೆಗೆದರೆ ಬಣ್ಣಕ್ಕೂ ಹುಳಿಗೂ ಕೊರತೆಯಿಲ್ಲ, ಪೆಕ್ಟಿನ್ ಮಾತ್ರ ಅತ್ಯಲ್ಪ. ಅದಕ್ಕೆ ಪೇರಲದ ರಸವನ್ನು ಸಮಪಾಲು ಕೂಡಿಸಿದಾಗ ಗಟ್ಟಿಗೊಂಡ ಜೆಲ್ಲಿಗೆ ನಮ್ಮ ಓಣಿಯ ಮಗ್ಗದ ಮೇಲಿನ ದಾಳಿಂಬರಗೆಂಪು ಸೀರೆಯ ಬಣ್ಣವೇ ಬಂದಿತ್ತು.

ಕಾಪಿಡುವ ಬಗೆಯಲ್ಲಿ ಹೇಳತಕ್ಕದ್ದು ಹೆಚ್ಚಿಲ್ಲ. ನೀರಿನಲ್ಲಿ ಕುದಿಸಿ ಒಣಗಿಸಿದ ಹಾರ್ಲಿಕ್ಸ್ ಬಾಟಲಿ, ಬಿಸಿಯಿರುವಾಗಲೇ ಸುರಿದ ಪಾಕ, ಅದು ನಿಂತ ಮೇಲೆ ಕರಗಿಸಿ ತೆಳ್ಳಗೆ ಎರೆದ ಮೇಣ, ಇಷ್ಟಾದರೆ ಸಾಕು. ನೂರರಲ್ಲಿ 65 ಭಾಗದಷ್ಟು ಸಕ್ಕರೆಯ ಅಂಶ ಸೇರಿದಲ್ಲಿ ಬೂಷ್ಟಿಗೆ ಬೇಕಾದ ನೀರು ಸುಲಭವಾಗಿ ಸಿಗದು. 1955ರ ಹಣ್ಣಿನ ಪದಾರ್ಥಗಳ ಕಾನೂನೂ ಕಾರ್ಖಾನೆಗಳಿಗೆ ಇದನ್ನೇ ವಿಧಿಸಿ, ಹಣ್ಣಿನ ಪಾಲು 45ಕ್ಕಿಂತ ಕಡಮೆಯಿರಕೂಡದೆಂದಿತು. ಇರುವೆಗಳಿಗೆ ಕಾನೂನಿಲ್ಲವಾದ್ದರಿಂದ ನೀರು ತುಂಬಿದ ತಟ್ಟೆಯಲ್ಲಿ ಬಾಟಲಿಗಳನ್ನು ನಿಲ್ಲಿಸುವುದು ಕ್ಷೇಮ. ಬ್ರೆಡ್ಡಿಗಿಂತ ಕಡಕ್ ಸಜ್ಜಿ ರೊಟ್ಟಿಯ ಮೇಲೆ ಜೆಲ್ಲಿ ಶೋಭಿಸುವುದೆಂದು ನನ್ನ ಮತ. ಎಳ್ಳು ಹಚ್ಚಿದ ರೊಟ್ಟಿಯಾದರಂತೂ ಕೇಳುವುದೇ ಬೇಡ.

ಇನ್ನು ಅರಿವೆಯಲ್ಲಿ ಉಳಿದದ್ದು ಯಾರ ಪಾಲು ಎಂಬ ಪ್ರಶ್ನೆ. ಅದನ್ನು ಕೇಳಿದವರೇ ಬಗೆಹರಿಸಿದರು. ಮರುದಿನ ಗಂಟನ್ನು ಇಳಿಸಿ ಅದರಲ್ಲಿದ್ದುದನ್ನೆಲ್ಲ ಜರಡಿಗೆ ತಿಕ್ಕಿ ಬೀಜ ಬೇರ್ಪಡಿಸಿ, ಮಹಾಲಿಂಗಪುರದ ಬೆಲ್ಲ ಪುಡಿಮಾಡಿ ಹಾಕಿ, ತಳ ಬಿಡುವವರೆಗೆ ತಿರುವಿ, ತುಪ್ಪ ಏಲಕ್ಕಿ ಸೇರಿಸಿ, ತಟ್ಟೆಗೆ ತಟ್ಟಿ ವಡಿ ಕೊಯ್ದರು. ಗೋವೆಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಸಕ್ಕರೆಯಿಂದ ಮಾಡುವ ಪೇರಲದ ಮಿಠಾಯಿಗೆ ಇದು ಒಡಹುಟ್ಟಿದ್ದು. ಅತ್ತೆಯವರು ಗೋವೆಯನ್ನು ಕಂಡವರಲ್ಲ. ಅಂದಿನಿಂದ ನಮ್ಮಲ್ಲಿ ಪ್ರತಿ ಚಳಿಗಾಲವೂ ರಸ ನನ್ನ ಪಾಲು, ತಿರುಳು ಅವರ ಪಾಲು. ವಡಿಯ ಡಬ್ಬಿ ಶಿವರಾತ್ರಿಯೊಳಗೆ ಬರಿದಾಗುತ್ತದೆ. ಜೆಲ್ಲಿಯ ಬಾಟಲಿಗಳು ಯುಗಾದಿಯನ್ನು ದಾಟಿ ಕಾರಹುಣ್ಣಿಮೆಯವರೆಗೂ ಉಳಿಯುತ್ತವೆ. ಅದಕ್ಕೆ ಕಾರಣ 65 ಭಾಗದ ಸಕ್ಕರೆಯೆಂದು ನಾನು ಹೇಳುತ್ತೇನೆ. ಅತ್ತೆಯವರು ಹೇಳುವ ಕಾರಣ ಬೇರೆ.