ಹಲವು ಕೊರಳುಗಳ ಕಲಂದರ್

ನಮ್ಮ ಓಣಿಗಳಲ್ಲಿ ಮದುವೆಯ ಶಾಮಿಯಾನ ಎದ್ದು ಮೈಕು ಕಟ್ಟಿದ ಕೂಡಲೇ ‘ದಮಾದಮ್ ಮಸ್ತ್ ಕಲಂದರ್’ ಹಾಕುತ್ತಿದ್ದ ಕಾಲವೊಂದಿತ್ತು. ಅದು ಬರುತ್ತಿದ್ದುದು ರೂನಾ ಲೈಲಾ ಅವರ ದನಿಯಲ್ಲಿ. ಉರ್ದು ಕಲಿತಿದ್ದ ನಮಗೆ ಹಾಡು ಅರ್ಧ ತಿಳಿಯುತ್ತಿತ್ತು. ಉಳಿದರ್ಧ ಪಂಜಾಬಿ. ತಿಳಿಯದ ಆ ಅರ್ಧವನ್ನೇ ನಾವು ಹೆಚ್ಚು ಗಟ್ಟಿಯಾಗಿ ಹಾಡುತ್ತಿದ್ದೆವು!

ಹಾಡಿನ ಕಲಂದರ್ ಅಂದರೆ 13ನೇ ಶತಮಾನದ ಸೂಫಿ ಉಸ್ಮಾನ್ ಮರ್ವಂದಿ, ಲಾಲ್ ಶಹಬಾಜ್ ಕಲಂದರ್. ಅವರ ಸಮಾಧಿ ಸಿಂಧ್ ಪ್ರಾಂತ್ಯದ ಸೆಹ್ವಾನ್‌ನಲ್ಲಿದೆ. ಸಿಂಧಿನ ವಲಿಯನ್ನು ಕುರಿತ ಪಂಜಾಬಿ ಹಾಡನ್ನು ನಮ್ಮೂರಿಗೆ ಮುಟ್ಟಿಸಿದ್ದು ಸಿಲ್ಹೆಟ್‌ನಲ್ಲಿ ಹುಟ್ಟಿದ ಬಂಗಾಳಿ ಹೆಣ್ಣುಮಗಳು. ಹಾಡಿನಲ್ಲಿ ಅವರನ್ನು ಜೂಲೇಲಾಲ್ ಎಂದೂ ಕರೆಯುತ್ತಾರೆ. ಅದು ಸಿಂಧಿ ಹಿಂದೂಗಳು ಪೂಜಿಸುವ ನದಿದೈವದ ಹೆಸರು. ಸಿಂಧ್‌ನ ಉದೇರೋಲಾಲ್‌ನಲ್ಲಿ ಆ ದೈವದ ಗುಡಿಯೂ ದರ್ಗಾವೂ ಒಂದೇ ಆವರಣದಲ್ಲಿವೆ. ತಿಂಥಣಿಯ ಮೋನಪ್ಪಯ್ಯನನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜನಪದರ ಹಾಡು ಎಂದೇ ಇದು ಪ್ರಸಿದ್ಧ. ಆದರೆ ಇಂದು ನಾವು ಗುನುಗುವ ಧಾಟಿಗೆ ಒಬ್ಬ ಕರ್ತೃವಿದ್ದಾನೆ. 1956ರ ‘ಜಬ್ರೂ’ ಎಂಬ ಪಂಜಾಬಿ ಚಿತ್ರಕ್ಕಾಗಿ ಇದಕ್ಕೆ ರಾಗ ಹಾಕಿದವರು ಮಾಸ್ಟರ್ ಆಶಿಕ್ ಹುಸೇನ್. ಮುಂದೆ ನೂರ್‌ಜಹಾನ್ ಹಾಡಿದರು. ಸಾಬ್ರಿ ಸಹೋದರರು, ನುಸ್ರತ್ ಫತೇ ಅಲಿ ಖಾನ್, ಆಬಿದಾ ಪರ್ವೀನ್ ಹಾಡಿದರು. ಒಬ್ಬೊಬ್ಬರಿಗೂ ಹೆಸರು ಬಂತು. ಆಶಿಕ್ ಹುಸೇನರು ಮಾತ್ರ ಲಾಹೋರಿನ ಹಳೆಯ ಗಲ್ಲಿಯೊಂದರಲ್ಲಿ ಬಡತನದಲ್ಲೇ ಮುದುಕರಾದರು. ‘ಸಾಂಪ್ರದಾಯಿಕ’ ಎಂದು ಅಚ್ಚು ಹಾಕಿಬಿಟ್ಟರೆ ಯಾರಿಗೂ ಕಾಸು ಕೊಡಬೇಕಿಲ್ಲವಲ್ಲ!

ನಮಗೆ ಇವರೆಲ್ಲರಿಗಿಂತ ಹತ್ತಿರವಾಗುವುದು ರೇಷ್ಮಾ. ರಾಜಸ್ಥಾನದ ಬಂಜಾರ ಕುಟುಂಬದಲ್ಲಿ ಹುಟ್ಟಿ, ವಿಭಜನೆಯ ಹೊತ್ತಿಗೆ ಆಚೆ ಹೋದ ಕೂಸು. ಶಾಲೆಯ ಮುಖ ಕಂಡವರಲ್ಲ. 12ರ ಪ್ರಾಯದಲ್ಲಿ ಸೆಹ್ವಾನ್ ದರ್ಗಾದಲ್ಲಿ ಹಾಡುತ್ತಿದ್ದಾಗ ರೇಡಿಯೋ ಅಧಿಕಾರಿಯೊಬ್ಬರು ಕೇಳಿ, ಇದೇ ಹಾಡನ್ನು ಧ್ವನಿಮುದ್ರಿಸಿದರು. ಆ ಒಡಕು ದನಿಯಲ್ಲಿ ಕೇಳಿದರೆ ಇದು ಕುಣಿತದ ಹಾಡಲ್ಲ, ಮೊರೆ ಎಂಬುದು ತಿಳಿಯುತ್ತದೆ. ಮಾನ ಕಾಯಬೇಕೆಂದು ಬೇಡುವವಳು, ದೀಪ ಹಚ್ಚಲು ಬಂದವಳು, ಮಡಿಲು ತುಂಬಬೇಕೆನ್ನುವ ತಾಯಿ, ಎಲ್ಲರೂ ಅದರಲ್ಲಿದ್ದಾರೆ. ಈಚಿನ ಡಿಜೆ ಆವೃತ್ತಿಗಳು ಪಲ್ಲವಿಯನ್ನಷ್ಟೇ ಉಳಿಸಿಕೊಂಡು ಈ ಹೆಂಗಸರನ್ನು ಹೊರಗೆ ಕಳಿಸಿವೆ. ವೇಗ ಹೆಚ್ಚಾಯಿತೆಂದು ನಮ್ಮ ತಕರಾರಿಲ್ಲ, ಸೆಹ್ವಾನ್‌ನ ಧಮಾಲ್ ಕುಣಿತವೇನೂ ನಿಧಾನದ್ದಲ್ಲ. ಆದರೆ ಬೇಡುವವರೇ ಇಲ್ಲದ ಮೇಲೆ ಕಲಂದರರನ್ನು ಕೂಗುವುದಾದರೂ ಯಾಕೆ?

ವಲಿಗಳಲ್ಲಿ ಬೇಡುವುದು ಸರಿಯೇ ಎಂಬ ಜಗಳ ನಮ್ಮ ಮೊಹಲ್ಲಾಗಳಲ್ಲಿ ಹಳೆಯದು. ಒಂದೇ ಮನೆಯಲ್ಲಿ ಅಣ್ಣ ದರ್ಗಾಕ್ಕೆ ಹೋಗುತ್ತಾನೆ, ತಮ್ಮ ಹೋಗುವುದಿಲ್ಲ. ವಾದ ಮಾಡುತ್ತಾರೆ, ರಾತ್ರಿ ಒಂದೇ ದಸ್ತರ್‌ಖಾನ್‌ಗೆ ಕೂರುತ್ತಾರೆ. ಈ ಜಗಳವನ್ನು ಬಾಂಬಿನಿಂದ ತೀರಿಸಲು ಹೊರಟವರೂ ಇದ್ದಾರೆ. 2017ರ ಫೆಬ್ರವರಿ 16, ಗುರುವಾರ ಸಂಜೆ, ಸೆಹ್ವಾನ್‌ನಲ್ಲಿ ಧಮಾಲ್ ನಡೆಯುವ ಹೊತ್ತಿನಲ್ಲೇ ಆತ್ಮಾಹುತಿ ದಾಳಿ ನಡೆಯಿತು. 80ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ಹೊಣೆ ತನ್ನದೆಂದು ಐಸಿಸ್ ಹೇಳಿಕೊಂಡಿತು.

ಮರುದಿನ ಬೆಳಗಿನ ಜಾವ ಮೂರೂವರೆಗೆ ದರ್ಗಾದ ಖಾದಿಮರು ಎಂದಿನಂತೆ ಗಂಟೆ ಬಾರಿಸಿದರು. ಕೆಲವೇ ದಿನಗಳಲ್ಲಿ ಕರಾಚಿಯಿಂದ ಶೀಮಾ ಕಿರ್ಮಾನಿ ಬಂದರು. ಜಿಯಾ ಉಲ್ ಹಕ್ ಕಾಲದಲ್ಲೂ ನೃತ್ಯ ಬಿಡದಿದ್ದ ಕಲಾವಿದೆ ಅವರು. ರಕ್ತ ತೊಳೆದ ಅದೇ ಅಂಗಳದಲ್ಲಿ, ನಗಾರಿಯ ಬಡಿತಕ್ಕೆ ಕೈಯೆತ್ತಿ ಅವರು ಧಮಾಲ್ ಕುಣಿದರು. ಸುತ್ತ ನಿಂತ ಜನ ಅವರೊಂದಿಗೆ ಕಲಂದರರನ್ನು ಕೂಗಿದರು.